ಬರಲ್ಲ ಅನ್ನುವ ಚಿಪ್ಪು

ನನ್ನ ಮೇಜಿನ ಮೇಲೆ ಒಂದು ತೆಂಗಿನ ಚಿಪ್ಪಿದೆ. ಮನೆಗೆ ಬಂದವರು ಅದನ್ನು ನೋಡಿ ಒಬ್ಬೊಬ್ಬರು ಒಂದೊಂದು ಊಹೆ ಮಾಡುತ್ತಾರೆ. ಗುಂಡುಸೂಜಿ ಹಾಕಿಡಲು ಎಂದುಕೊಂಡಿದ್ದಾಳೆ ನನ್ನ ತಮ್ಮನ ಹೆಂಡತಿ. ಎಲೆಯಡಿಕೆಗೆ ಸುಣ್ಣವಿದ್ದೀತೆಂದು ಅಂಚೆಯವನು ಒಮ್ಮೆ ಇಣುಕಿ ನೋಡಿ ನಿರಾಶನಾದ. ಅದರೊಳಗೆ ಇರುವುದು ನಾಲ್ಕು ಮಡಿಕೆಯ ಒಂದೇ ಒಂದು ಚೀಟಿ. ಚಿಪ್ಪಿನ ಹೊರಗೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಬರಲ್ಲ’ ಎಂದು ಬರೆದಿದೆ. ಅಕ್ಷರ ನನ್ನದಲ್ಲ. ಬಾರದ್ದು ಮಾತ್ರ ನನಗೇ.

ನನ್ನನ್ನು ಬಲ್ಲವರಿಗೆ ಇದು ನಂಬಲು ಕಷ್ಟವಾಗಬಹುದು. ನಾನು ಐದು ಗಂಟೆಗೆ ಏಳುವವಳು, ಐದೂವರೆಗೆ ಕೆರೆ ಏರಿಯ ಮೇಲಿರುವವಳು, ಆರೂಕಾಲಿಗೆ ಕಾಫಿ ಕುಡಿಯುವವಳು. ಆರೂ ಇಪ್ಪತ್ತಕ್ಕೆ ಕಾಫಿ ಬಂದರೆ ಅದು ನನಗೆ ಕಾಫಿಯಲ್ಲ, ತಿಂಡಿಯ ಹತ್ತಿರದ ಏನೋ ಒಂದು. ನನ್ನ ಅಡುಗೆಮನೆಯಲ್ಲಿ ಚೀಟಿ ಅಂಟಿಸದ ಡಬ್ಬಿ ಇಲ್ಲ. ಮೂವತ್ತಮೂರು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಹೇಳಿಕೊಟ್ಟೆ. ಹೆಣದ ಹೆಬ್ಬೆರಳಿಗೂ ನಂಬರು ಕಟ್ಟುವ ಇಲಾಖೆ ಅದು. ಅಲ್ಲಿ ಬಾಳಿ ಬಂದವಳು ಮೆಂತ್ಯದ ಡಬ್ಬಿಗೆ ‘ಮೆಂತ್ಯ’ ಎಂದು ಬರೆದು ಅಂಟಿಸಿದರೆ ಯಾರೂ ನಗಬಾರದು. ಹೋದ ಮಳೆಗಾಲದಲ್ಲಿ ಅಂಟು ಬಿಟ್ಟು ನಾಲ್ಕು ಡಬ್ಬಿಗಳ ಚೀಟಿ ಉದುರಿದಾಗ ಮಾತ್ರ ನಾನು ಡಬ್ಬಿಗಳ ಮುಂದೆ ಐದು ನಿಮಿಷ ನಿಂತೆ. ತಮ್ಮನ ಹೆಂಡತಿ ಬಂದು, ಮುಚ್ಚಳ ತೆಗೆಯದೆ, ಒಂದೊಂದನ್ನೂ ಒಮ್ಮೆ ಅಲ್ಲಾಡಿಸಿ, ಇದು ಸಾಸಿವೆ, ಇದು ಕಡ್ಲೆಬೇಳೆ ಎಂದು ಹೇಳಿ ಹೋದಳು. ಆ ಡಬ್ಬಿಗಳನ್ನು ಜೋಡಿಸಿದವಳು ನಾನು.

ನಮ್ಮಪ್ಪ ತುರುವೇಕೆರೆಯಲ್ಲಿ ಮೇಷ್ಟರಾಗಿದ್ದರು. ನನ್ನ ಶಿಸ್ತೆಲ್ಲ ಅವರಿಂದ ಬಂದದ್ದು. ಅವರ ಪದ್ಧತಿ ಹತ್ತು ಹುಣಿಸೇಬೀಜ. ಓದಲು ಕೂತಾಗ ಎಡಗಡೆ ಹತ್ತು ಬೀಜ ಇಟ್ಟುಕೊಳ್ಳಬೇಕು. ಪಾಠವನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಒಂದು ಬೀಜ ಬಲಗಡೆಗೆ. ಹತ್ತೂ ಬಲಕ್ಕೆ ಬಂದರೆ ಪಾಠ ಬಂದಂತೆ. ನಿಜವಾಗಿ ಬಂದಿದೆಯೇ ಎಂದು ಅಪ್ಪ ಕೇಳುತ್ತಿರಲಿಲ್ಲ, ಬೀಜ ಎಣಿಸುತ್ತಿದ್ದರು. ನನ್ನ ತಮ್ಮ ಒಮ್ಮೊಮ್ಮೆ ಎರಡು ಬೀಜ ಒಟ್ಟಿಗೆ ಜರುಗಿಸುತ್ತಿದ್ದ. ನಾನು ಅದನ್ನು ಅಪ್ಪನಿಗೆ ಹೇಳುತ್ತಿದ್ದೆ. ಆಗಿನಿಂದಲೂ ನಾನು ಅಂಥವಳೇ.

ಡಾಕ್ಟರಾದೆ, ಪಾಠ ಹೇಳುವವಳಾದೆ. ಹುಣಿಸೇಬೀಜವನ್ನು ಕಾಲೇಜಿಗೆ ಒಯ್ಯಲು ಸಂಕೋಚವಾಗಿ ಬೀಜದ ಬದಲು ಬಣ್ಣ ತಂದೆ. ಮೊದಲ ಓದಿಗೆ ಕೆಂಪು ಗೆರೆ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ನೀಲಿ. ನನ್ನ ವಿದ್ಯಾರ್ಥಿಗಳ ಪುಸ್ತಕಗಳು ಅಂಗಡಿಯ ರಿಬ್ಬನ್ನುಗಳ ಹಾಗೆ ಕಾಣುತ್ತಿದ್ದವು. ಯಾರದು ಎಷ್ಟು ಬಣ್ಣವಾಗಿದೆ ಎಂದು ನಾನು ತಿರುವಿ ನೋಡುತ್ತಿದ್ದೆ. ತಲೆಯೊಳಗೆ ಎಷ್ಟಾಗಿದೆ ಎಂಬುದನ್ನು ಪರೀಕ್ಷೆಗೆ ಬಿಟ್ಟಿದ್ದೆ.

ನಿವೃತ್ತಿಯ ಮೇಲೆ ದಂಡಿನಶಿವರದ ಹತ್ತಿರದ ನಮ್ಮೂರಿಗೆ ಬಂದು ತಮ್ಮನ ಮನೆಯ ಪಕ್ಕದಲ್ಲೇ ಎರಡು ಕೋಣೆ ಕಟ್ಟಿಸಿಕೊಂಡು ಇದ್ದೇನೆ. ನಮ್ಮ ತೋಟಕ್ಕೆ ಹೊಂದಿಕೊಂಡ ತೋಟ ನಿಂಗಜ್ಜಿಯವರದು. ಆಕೆ ನನಗಿಂತ ಐದಾರು ವರ್ಷ ಹಿರಿಯಳು, ಊರಿಗೆಲ್ಲ ನಿಂಗಜ್ಜಿ, ಎದುರಿಗೆ ನನಗೆ ನಿಂಗಮ್ಮ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಅಟ್ಟದ ಏಣಿಯನ್ನು ಈಗಲೂ ಹತ್ತುತ್ತಾಳೆ. ಆಕೆಯ ಮೊಮ್ಮಗಳು ಭವ್ಯ ದೂರದ ಒಂದು ಕಾಲೇಜಿನಲ್ಲಿ ಡಾಕ್ಟರ್ ಓದಲು ಸೇರಿದಾಗ ಊರಿಗೆಲ್ಲ ಮೈಸೂರುಪಾಕು ಹಂಚಿದ್ದರು. ಮುಂದಿನ ವರ್ಷ ಒಂದು ಬೆಳಿಗ್ಗೆ ಅಜ್ಜಿ ಆ ಹುಡುಗಿಯ ಕೈ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

“ಡಾಕ್ಟ್ರಮ್ಮ, ಇವ್ಳು ಎಲ್ಲಾನೂ ಓದವ್ಳೆ. ಆದ್ರೂ ಒಂದ್ರಾಗೆ ಫೇಲಾಗವ್ಳೆ.”

“ಅನಾಟಮೀಲಿ ಮೇಡಂ,” ಎಂದಳು ಭವ್ಯ ನೆಲ ನೋಡುತ್ತ.

“ಅದೇ, ನಿಮ್ದೇ. ಹೆಣ ಕುಯ್ಯೋದು. ಆರ್ ವಾರಕ್ಕೆ ಇನ್ನೊಂದ್ ಪರೀಕ್ಷೆ ಮಡಗವ್ರಂತೆ. ನೀವೇ ಏನಾರ ಮಾಡಿ.”

ಆ ಸಪ್ಲಿಮೆಂಟರಿಯೂ ಕೈಕೊಟ್ಟರೆ ಜೊತೆಯವರೆಲ್ಲ ಎರಡನೆಯ ವರ್ಷಕ್ಕೆ ಹೋಗುತ್ತಾರೆ, ಇವಳು ಹೊಸದಾಗಿ ಬಂದ ಹುಡುಗರ ಜೊತೆ ಮತ್ತೆ ಮೊದಲಿನಿಂದ ಕೂರಬೇಕು. ಅಜ್ಜಿ ಕಾಫಿ ಲೋಟ ತೊಳೆಯಲು ಹಿತ್ತಲಿಗೆ ಹೋದಾಗ ಹುಡುಗಿ ಮೆಲ್ಲಗೆ ಹೇಳಿದಳು: “ಈ ಸಲಾನೂ ಹೋದ್ರೆ ನಾನ್ ವಾಪಸ್ ಹೋಗಲ್ಲ ಮೇಡಂ. ಅಜ್ಜಿಗೆ ಹೇಳಿಲ್ಲ.”

ನಾನು ಅವಳಿಗೆ ಧೈರ್ಯ ಹೇಳಲಿಲ್ಲ, ಟೈಂಟೇಬಲ್ ಹಾಕಿಕೊಟ್ಟೆ. ದಿನಕ್ಕೆ ಒಂದು ಅಧ್ಯಾಯ, ಮೂರು ಬಣ್ಣ, ಹತ್ತು ಓದು. ಊರಲ್ಲಿ ನಾನು ಸಂಕೋಚಪಡಬೇಕಾದವರು ಯಾರೂ ಇಲ್ಲದ ಕಾರಣ ಹುಣಿಸೇಬೀಜವನ್ನೂ ಕೊಟ್ಟೆ, ತೊಳೆದು ಒರೆಸಿ, ಚಿಕ್ಕ ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಚೀಟಿ ಅಂಟಿಸಿ. “ಮಧ್ಯೆ ಮಧ್ಯೆ ಬಂತಾ ಬಂತಾ ಅಂತ ನೋಡಿಕೊಳ್ಳಬೇಡ. ಮೊದಲು ತುಂಬಿಸಿಕೋ,” ಎಂದೆ. ಸಂಜೆ ಐದಕ್ಕೆ ಅವಳು ಬಂದು ನನ್ನ ಮುಂದೆ ಹತ್ತನೆಯ ಓದು ಓದುತ್ತಿದ್ದಳು. ಎಲ್ಲೂ ತಡೆಯಿಲ್ಲ. ಲ್ಯಾಟಿನ್ ಹೆಸರುಗಳು ನೀರಿನ ಹಾಗೆ ಹರಿದು ಬರುತ್ತಿದ್ದವು. ನಾನು ಕಣ್ಣು ಮುಚ್ಚಿ ಕೇಳುತ್ತ, ಇವಳಿಗೆ ಈ ಮೊದಲು ಕಲಿಸಿದವರು ಎಂಥ ಸೋಮಾರಿಗಳಿರಬೇಕು ಎಂದುಕೊಂಡೆ. ಎರಡು ವಾರ ಹೀಗೆ ಕಳೆಯಿತು.

ಒಂದು ಗುರುವಾರ ಬೆಳಿಗ್ಗೆ ನಿಂಗಜ್ಜಿಯ ಉಪ್ಪಿನಕಾಯಿ ಜಾಡಿ ವಾಪಸು ಕೊಡಲು ಹೋದೆ. ಈಸಿಕೊಂಡದ್ದನ್ನು ನಾನು ಗುರುವಾರ ಹಿಂದಿರುಗಿಸುತ್ತೇನೆ. ಅಜ್ಜಿ ಅಟ್ಟದ ಬಾಯಲ್ಲಿ ಕೂತಿದ್ದಳು, ಭವ್ಯ ಏಣಿಯ ಕೆಳಗೆ. ನಮ್ಮ ಕಡೆ ಬಲಿತ ಕಾಯಿಯನ್ನು ವರ್ಷವೊಪ್ಪತ್ತು ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ಒಳಗಿನ ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಇಡೀ ಉಂಡೆಯಾಗಬೇಕು. ಅದನ್ನು ಗಿಟುಕು ಅನ್ನುತ್ತೇವೆ. ಒಡೆದು ನೋಡಿದರೆ ಆ ಕಾಯಿ ಕೆಟ್ಟಿತು. ಹಾಗಾಗಿ ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಾರೆ. ಗಿಟುಕು ಲೊಡಲೊಡ ಎಂದರೆ ಕೆಳಕ್ಕೆ, ಇಲ್ಲದಿದ್ದರೆ ವಾಪಸು ಅಟ್ಟಕ್ಕೆ. ಅಜ್ಜಿ ಅಲ್ಲಾಡಿಸುತ್ತಿದ್ದಳು, ಭವ್ಯ ಕೆಳಗೆ ಹಿಡಿಯುತ್ತಿದ್ದಳು. ಅವಳ ಪುಸ್ತಕ ಏಣಿಯ ಮೆಟ್ಟಿಲ ಮೇಲಿತ್ತು.

“ನೆನ್ನೆ ಡಾಕ್ಟ್ರಮ್ಮನ್ ಮುಂದೆ ಏನ್ ಓದ್ದೆ?”

“ತೊಡೆ ಮುಂಭಾಗ ಅಜ್ಜಿ.”

“ಅಲ್ಲೇನೇನೈತೆ?”

ಭವ್ಯ ಪುಸ್ತಕಕ್ಕೆ ಕೈ ಹಾಕಿದಳು.

“ಅದ್ನ ಮಡಗು. ನಂಗೇನ್ ಅದ್ರಾಗಿರೋದು ಕಾಣ್ತದಾ. ಬಾಯಲ್ಲಿ ಹೇಳು.”

“ಅಲ್ಲಿ ಒಂದು ನರ. ಪಕ್ಕದಲ್ಲಿ ಒಂದು ಆರ್ಟರಿ. ಆಮೇಲೆ...” ಹುಡುಗಿ ಒಂದು ಕಾಯನ್ನು ಎದೆಗೆ ಒತ್ತಿಕೊಂಡು ನಿಂತಳು. “ನೆನ್ನೆ ಬತ್ತಿತ್ತು ಅಜ್ಜಿ.”

“ನೆನ್ನೆ ಬಂದಿದ್ದು ನೀರ್ ಸದ್ದು ಕಣೇ. ಹಸೀ ಕಾಯೂ ಸದ್ದು ಮಾಡ್ತದೆ, ಗುಳುಗುಳು ಅಂತ. ಅದ್ನ ನಂಬ್ಕಂಡು ಯಾರಾರ ಚಿಪ್ ಒಡೀತಾರಾ? ಹೋಗ್ಲಿ, ಇದು ಅಟ್ಟಕ್ಕೆ ಹೋಯ್ತು. ಭಾನ್ವಾರ ಮತ್ತೆ ಕೇಳ್ತೀನಿ.”

ನಾನು ಅಂಗಳದಿಂದಲೇ ಹೇಳಿದೆ: “ನಿಂಗಮ್ಮ, ಹಾಗೆ ಕೇಳಬಾರದು. ಓದು ಪೂರ್ತಿಯಾಗುವ ಮುಂಚೆ ಕೇಳಿದರೆ ಹುಡುಗಿ ಹೆದರುತ್ತಾಳೆ.”

“ಹೆದ್ರಲಿ ಬುಡಿ ಡಾಕ್ಟ್ರಮ್ಮ. ಅಲ್ಲೋಗಿ ಅವ್ರ್ ಮುಂದೆ ಹೆದ್ರೋ ಬದ್ಲು ಇಲ್ಲಿ ನನ್ ಮುಂದೆ ಹೆದ್ರಿದ್ರೆ ಏನೋಯ್ತು?”

ಜಾಡಿ ಕೊಟ್ಟು ಬಂದೆ.

ಮುಂದಿನ ವಾರ ಅವರ ಮನೆಯ ಜಗುಲಿಯ ಮೇಲೆ ಮೂರು ಚಿಪ್ಪುಗಳು ಕಾಣಿಸಿಕೊಂಡವು. ಅಡುಗೆಗೆ ಒಡೆದ ಕಾಯಿಯ ಚಿಪ್ಪು, ಗಾಜಿನ ಚೂರಿನಲ್ಲಿ ಹೆರೆದು ನುಣ್ಣಗೆ ಮಾಡಿದ್ದು. ಒಂದರ ಮೇಲೆ ‘ಬರುತ್ತೆ’, ಒಂದರ ಮೇಲೆ ‘ಅರ್ಧ’, ಮೂರನೆಯದರ ಮೇಲೆ ‘ಬರಲ್ಲ’. ಭವ್ಯ ಹಳೆಯ ಕ್ಯಾಲೆಂಡರು ಹರಿದು ಚೀಟಿ ಮಾಡಿ ಒಂದೊಂದರಲ್ಲೂ ಒಂದು ಪ್ರಶ್ನೆ ಬರೆದಿದ್ದಳು. ಉತ್ತರ ಎಲ್ಲೂ ಬರೆದಿರಲಿಲ್ಲ. ಚೀಟಿ ಎತ್ತುವುದು, ಪುಸ್ತಕ ಮುಚ್ಚಿಟ್ಟು ಹೇಳುವುದು, ಆಮೇಲೆ ಪುಸ್ತಕ ತೆಗೆದು ಸರಿಯೋ ತಪ್ಪೋ ನೋಡುವುದು. ‘ಬರಲ್ಲ’ ಚಿಪ್ಪಿನದು ನಾಳೆಯೇ ಮತ್ತೆ, ‘ಅರ್ಧ’ದ್ದು ಮೂರು ದಿನಕ್ಕೆ, ‘ಬರುತ್ತೆ’ ಅನ್ನುವುದು ವಾರಕ್ಕೊಮ್ಮೆ. ಅಟ್ಟದ ಕೆಲಸವೇ, ಕಾಯಿಯ ಜಾಗದಲ್ಲಿ ಚೀಟಿ. ನನ್ನ ಬೀಜದ ಡಬ್ಬಿ ಕಿಟಕಿಯಲ್ಲಿ ಚೀಟಿ ಸಮೇತ ಕೂತಿತ್ತು.

ಅದನ್ನು ನೋಡಿ ನನಗೆ ಬಂದದ್ದು ಕೋಪ. ಈಗ ಬೇರೆ ಹೆಸರು ಕೊಡಬಹುದು, ಆಗ ಬಂದದ್ದು ಅದೇ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬೆಳಿಗ್ಗೆ ಹೋದರೆ, ಭವ್ಯ ಸಾರಿಸಿದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ತೋಳಿನ ನರಗಳ ಜಾಲ ಬರೆಯುತ್ತಿದ್ದಳು. ಬ್ರೇಕಿಯಲ್ ಪ್ಲೆಕ್ಸಸ್ ಎಂದು ಅದರ ಹೆಸರು. ಕತ್ತಿನಿಂದ ಐದು ಬೇರುಗಳಾಗಿ ಹೊರಟು, ಕೂಡಿ, ಕವಲೊಡೆದು, ಪಕ್ಕದ್ದು, ಒಳಗಿನದು, ಹಿಂದಿನದು ಎಂಬ ಮೂರು ಹುರಿಗಳಾಗಿ, ಮತ್ತೆ ಕವಲಾಗಿ ಕೈಗಿಳಿಯುತ್ತದೆ. ಮೊದಲ ವರ್ಷದವರನ್ನು ಅಳಿಸುವುದು ಅದೇ. ಅವಳು ಪುಸ್ತಕವಿಲ್ಲದೆ ಬರೆಯುತ್ತಿದ್ದಳು. ಮೇಲಿನ ಭಾಗ ಚೆನ್ನಾಗಿ ಬಂದಿತ್ತು. ಕೆಳಗೆ ಒಂದು ನರವನ್ನು ಪಕ್ಕದ ಹುರಿಗೆ ಸೇರಿಸುವ ಬದಲು ಹಿಂದಿನ ಹುರಿಗೆ ಸೇರಿಸಿಬಿಟ್ಟಿದ್ದಳು.

“ಇದೇನಿದು?” ಎಂದೆ.

“ನೆನಪಿಂದ ಬರೀತಿದೀನಿ ಮೇಡಂ. ಆಮೇಲೆ ಪುಸ್ತಕ ನೋಡಿ...”

“ತಪ್ಪನ್ನು ಇಷ್ಟು ದೊಡ್ಡದಾಗಿ ಬರೆದರೆ ತಪ್ಪೇ ತಲೆಯಲ್ಲಿ ಕೂರುತ್ತೆ.” ನಾನು ಚಪ್ಪಲಿ ಕಾಲಿನಿಂದ ಅದನ್ನು ಉಜ್ಜಿ ಅಳಿಸಿದೆ. ಒಂದು ನರವನ್ನಲ್ಲ, ಬೇರಿನಿಂದ ಬೆರಳವರೆಗೆ ಎಲ್ಲವನ್ನೂ. ರಂಗೋಲಿ ತುಳಿಯಬಾರದೆಂದು ಬೆಳೆದವಳು ನಾನು. ಹುಡುಗಿ ಕೈಯಲ್ಲಿ ಪುಡಿ ಹಿಡಿದುಕೊಂಡು ನಿಂತೇ ಇದ್ದಳು. ಅಜ್ಜಿ ಒಳಗಿನಿಂದ ಬಂದು ನೆಲ ನೋಡಿ, ನನ್ನ ಕಾಲು ನೋಡಿ, ಒಳಗೆ ಹೋದಳು.

ಮನೆಗೆ ಬರುವ ದಾರಿಯಲ್ಲಿ ದೇವರಾಜು ನೆನಪಾದ. ಎಷ್ಟೋ ವರ್ಷದ ಹಿಂದಿನ ವಿದ್ಯಾರ್ಥಿ. ಡಿಸೆಕ್ಷನ್ ಹಾಲಿನ ಗೋಡೆಯ ಪಟಗಳಲ್ಲಿ ಹೆಸರುಗಳ ಮೇಲೆ ಬ್ಯಾಂಡೇಜಿನ ಪಟ್ಟಿ ಅಂಟಿಸಿ, ಗೆಳೆಯರನ್ನು ನಿಲ್ಲಿಸಿಕೊಂಡು “ಹೇಳ್ಲಾ, ಇದೇನು?” ಎಂದು ಕೇಳುತ್ತಿದ್ದ. ಇಲಾಖೆಯ ಪಟ ಹಾಳುಮಾಡಿದನೆಂದು ನಾನು ಅವನನ್ನು ಹಿಡಿದೆ. ಅವನ ಕೈಯಲ್ಲಿ ಒಂದು ಹಾಳೆಯಿತ್ತು, ನೆನಪಿನಿಂದ ಬರೆದ ಕೈಯ ಚಿತ್ರ, ಹನ್ನೊಂದು ತಪ್ಪು. ನಾನು ಹನ್ನೊಂದನ್ನೂ ಕೆಂಪಿನಲ್ಲಿ ಸುತ್ತಿ, ಕೆಳಗೆ ‘ಹೀಗೆ ಬರೆಯಬಾರದು’ ಎಂದು ಬರೆದು ನೋಟಿಸ್ ಬೋರ್ಡಿಗೆ ಚುಚ್ಚಿಸಿದೆ. ವಾರವಿಡೀ ಹುಡುಗರು ನಿಂತು ನಕ್ಕರು. ಶನಿವಾರ ನಾನೇ ಅದನ್ನು ಕಿತ್ತಾಗ ಹಾಳೆ ತಿರುಗಿತು. ಹಿಂಬದಿಯಲ್ಲಿ ಅದೇ ಚಿತ್ರವನ್ನು ಮತ್ತೆ ಬರೆದಿದ್ದ, ಪೆನ್ಸಿಲಿನಲ್ಲಿ, ಎರಡೇ ತಪ್ಪು. ಅದರ ಕೆಳಗೆ ಮೂರನೆಯದು, ಚಿಕ್ಕದಾಗಿ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಹಾಳೆಯನ್ನು ನಾನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಅವನನ್ನು ಕರೆಯಲಿಲ್ಲ. ಬೋರ್ಡಿನ ಮುಂದೆ ನಕ್ಕವರಿಗೆ ಹಿಂಬದಿ ತೋರಿಸಲಿಲ್ಲ. ಆಮೇಲೆ ಅವನು ಪಟಗಳ ಹತ್ತಿರ ನಿಂತದ್ದನ್ನು ನಾನು ನೋಡಲಿಲ್ಲ, ಮೂರು ಬಣ್ಣದ ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಪ್ರಯತ್ನಿಸಿದವಳೂ ಅಲ್ಲ.

ಇಷ್ಟು ನೆನಪಾಗಿಯೂ ನಾನು ತಿರುಗಿ ಹೋಗಲಿಲ್ಲ ಎಂಬುದನ್ನು ಬರೆಯಬೇಕು. ಮನೆಗೆ ಬಂದು ಕೈಕಾಲು ತೊಳೆದು ತಿಂಡಿ ತಿಂದೆ. ಅವತ್ತು ಸಂಜೆ ಐದಕ್ಕೆ ಭವ್ಯ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ನಾನೇ ಹೋದೆ, ಶಿಸ್ತು ಕಲಿಸಲು ಎಂದು ನನಗೆ ನಾನೇ ಹೇಳಿಕೊಂಡು. ಅಜ್ಜಿ, ಮೊಮ್ಮಗಳು ಜಗುಲಿಯಲ್ಲಿ ಚಿಪ್ಪುಗಳ ನಡುವೆ ಕೂತಿದ್ದರು.

“ಬನ್ನಿ ಡಾಕ್ಟ್ರಮ್ಮ, ಕೂತ್ಕಳಿ. ನೀವೂ ಒಂದ್ ಚೀಟಿ ಎತ್ತಿ.”

ನಾನು ನಕ್ಕೆ. “ನಾನೇನು ಎತ್ತೋದು ನಿಂಗಮ್ಮ. ಮೂವತ್ತಮೂರು ವರ್ಷ ಹೇಳಿಕೊಟ್ಟಿದ್ದೀನಿ.”

“ಅದ್ಕೇ ಹೇಳಿದ್ದು. ಇವ್ಳು ಸರಿಯಾಗಿ ಹೇಳೋದು ಹೆಂಗೆ ಅಂತ ಕೇಳಿಸ್ಕಳ್ಲಿ.”

ಚೀಟಿ ಎತ್ತಿದೆ. ಅದೇ ತೋಳಿನ ಜಾಲ. ‘ಹಿಂದಿನ ಹುರಿಯಿಂದ ಹೊರಡುವ ಐದು ನರಗಳು ಯಾವುವು?’ ಇದನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೆಂದರೆ ಲೆಕ್ಕ ನನ್ನ ಹತ್ತಿರವೂ ಇಲ್ಲ. ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದೆ. “ರೇಡಿಯಲ್. ಆಕ್ಸಿಲರಿ. ಥೊರಾಕೊಡಾರ್ಸಲ್.” ಅಷ್ಟು ಹೇಳಿ ನಿಂತೆ. ನಾಲ್ಕನೆಯದು ನಾಲಿಗೆಯ ಬುಡದವರೆಗೆ ಬಂದಂತಿತ್ತು. ಬರಲಿಲ್ಲ. ಕಣ್ಣ ಮುಂದೆ ಮಾತ್ರ ನನ್ನ ಪಾಠದ ಹಳದಿ ಹಾಳೆಯ ನೋಟ್‌ಬುಕ್ ಕಾಣುತ್ತಿತ್ತು, ಎಡಪುಟ, ಮೇಲಿನಿಂದ ಮೂರನೆಯ ಸಾಲು, ಹಸಿರು ಗೆರೆ. ಗೆರೆ ಕಾಣುತ್ತಿತ್ತು, ಗೆರೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಆಗ ನನಗೆ ಹೊಳೆಯಿತು: ಆ ನೋಟ್‌ಬುಕ್ ಮೇಜಿನ ಮೇಲೆ ತೆರೆದಿಡದೆ ನಾನು ಒಂದು ದಿನವೂ ಪಾಠ ಮಾಡಿದವಳಲ್ಲ.

“ಕನ್ನಡಕ ತಂದಿಲ್ಲ,” ಎಂದೆ.

“ಬಾಯಲ್ಲಿ ಹೇಳಕ್ಕೆ ಕನ್ನಡ್ಕ ಯಾಕ್ರೀ ಬೇಕು?” ಎಂದಳು ನಿಂಗಜ್ಜಿ. ಕುಹಕವಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಲೆಂದು ಕೇಳಿದಳು. ಅದಕ್ಕೇ ತಡೆಯಲಾಗಲಿಲ್ಲ.

ಭವ್ಯ ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ‘ಬರಲ್ಲ’ ಚಿಪ್ಪಿಗೆ ಹಾಕಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ದಿನವೂ ತನ್ನ ಚೀಟಿಗಳನ್ನು ಹಾಕುವ ಹಾಗೆಯೇ ನನ್ನದನ್ನೂ ಹಾಕಿದಳು. “ನಾಳೆ ಬರುತ್ತೆ ಮೇಡಂ,” ಎಂದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ನೋಟ್‌ಬುಕ್ಕನ್ನು ಬೀರುವಿಗೆ ಸೇರಿಸಿ ಖಾಲಿ ಹಾಳೆಯ ಮುಂದೆ ಕೂತೆ. ನನಗೆ ಗೊತ್ತಿರುವ ತೋಳನ್ನು ಬರೆಯಲು ಹೊರಟವಳಿಗೆ ಅರ್ಧ ಪುಟ ತುಂಬಲಿಲ್ಲ. ನಾನು ಓದುವ ಕಾಲದಲ್ಲಿ ಇದೆಲ್ಲ ಹೇಗೆ ಬಂದಿತ್ತು ಎಂದು ಯೋಚಿಸಿದೆ. ಹಾಸ್ಟೆಲಿನಿಂದ ಕಾಲೇಜಿಗೆ ಒಂದೂವರೆ ಮೈಲಿ ನಡೆಯುತ್ತಿದ್ದೆ. ಕೈಯಲ್ಲಿ ಕೊಡೆ, ಚೀಲ. ಪುಸ್ತಕ ಬಿಡಿಸುವಂತಿರಲಿಲ್ಲ. ಬಾಯಲ್ಲೇ ಹೇಳಿಕೊಂಡು ಹೋಗುತ್ತಿದ್ದೆ, ಮರೆತದ್ದನ್ನು ಕಾಲೇಜು ಮುಟ್ಟಿದ ತಕ್ಷಣ ತೆಗೆದು ನೋಡುತ್ತಿದ್ದೆ. ನನ್ನನ್ನು ಪಾಸು ಮಾಡಿಸಿದ್ದು ಆ ನಡಿಗೆಯೇ ಇರಬೇಕು. ಹೆಸರು ಹುಣಿಸೇಬೀಜಕ್ಕೆ ಹೋಯಿತು.

ಉಳಿದ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಸಂಜೆ ಐದಕ್ಕೆ ಅವರ ಜಗುಲಿಗೆ ನಾನೇ ಹೋಗಿ ಚೀಟಿ ಎತ್ತಿ ಕೇಳುವುದು. ಮೊದಮೊದಲು ಅವಳು ತಡವರಿಸಿದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. “ನೀವ್ ಸುಮ್ಕಿರಿ, ಅವ್ಳು ಹುಡಿಕ್ಕಳ್ಲಿ,” ಎಂದು ಅಜ್ಜಿ ಗದರುತ್ತಿದ್ದಳು. ಅವಳು ಹುಡುಕುವುದನ್ನು ನೋಡುತ್ತ ಕೂರುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಆಗ. ಮೂವತ್ತಮೂರು ವರ್ಷ ನಾನು ಆ ಕಷ್ಟವನ್ನು ತಪ್ಪಿಸಿಕೊಂಡೇ ಪಾಠ ಮಾಡಿದ್ದೆ. ಅಂಗಳದಲ್ಲಿ ತೋಳಿನ ಜಾಲ ದಿನ ಬಿಟ್ಟು ದಿನ ಎದ್ದಿತು, ಹಾಲಿನ ಡೈರಿಗೆ ಹೋಗುವವರು ಅದನ್ನು ಹೊಸ ನಮೂನೆಯ ರಂಗೋಲಿಯೆಂದುಕೊಂಡು ಬಳಸಿಕೊಂಡು ಹೋದರು. ನಾನು ಚಪ್ಪಲಿಯನ್ನು ಗೇಟಿನ ಹೊರಗೇ ಬಿಡುತ್ತಿದ್ದೆ.

ಭವ್ಯ ಪಾಸಾದಳು. ವೈವಾದಲ್ಲಿ ಪರೀಕ್ಷಕರು ಆ ಒಂದು ನರವನ್ನೇ ಕೇಳಿದರಂತೆ, ಯಾವ ಹುರಿಯದು ಎಂದು. “ಅಂಗಳದಲ್ಲಿ ತಪ್ಪು ಬರ್ದಿದ್ನಲ್ಲ ಮೇಡಂ, ಅದೇ ಕಣ್ಮುಂದೆ ಬಂತು. ಹಿಂದಿಂದಲ್ಲ, ಪಕ್ಕದ್ದು ಅಂದೆ.” ನಾನು ಅಳಿಸಿಹೋದ ಮೇಲೆ ಅವಳು ಪುಸ್ತಕ ತೆಗೆದು ನೋಡಿ, ಉಜ್ಜಿದ ಜಾಗದಲ್ಲೇ ಮತ್ತೆ ಬರೆದಿದ್ದಳಂತೆ. ಇದನ್ನು ಅವಳು ಸಂತೋಷದಲ್ಲಿ ಹೇಳಿದಳು. ಚುಚ್ಚಬೇಕೆಂಬ ಯೋಚನೆಯೇ ಅವಳಿಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ತಡವಾಗಿಯಾದರೂ ಬುದ್ಧಿ ಬಂದ ಹೆಂಗಸು ಎನಿಸಿಕೊಳ್ಳುತ್ತಿದ್ದೆ.

ಅದೇ ವಾರ ಊರಿನ ಶಾಲೆಯ ವಾರ್ಷಿಕೋತ್ಸವ, ಮುಖ್ಯ ಅತಿಥಿ ನಾನು. ‘ಓದುವುದು ಹೇಗೆ’ ಎಂಬ ವಿಷಯದ ಮೇಲೆ ಎರಡು ಮಾತು ಹೇಳಬೇಕು ಎಂದು ಹೆಡ್‌ಮೇಷ್ಟ್ರು ಎರಡು ತಿಂಗಳ ಮೊದಲೇ ಕೇಳಿದ್ದರು. ನಾನೂ ಆಗಲೇ ಭಾಷಣ ಬರೆದಿಟ್ಟಿದ್ದೆ. ಅಂದರೆ ಚಿಪ್ಪುಗಳಿಗಿಂತ ಮೊದಲು. ಹೆಡ್‌ಮೇಷ್ಟ್ರು ನನಗೆ ಶಾಲು ಹೊದಿಸಿ, “ನಮ್ಮೂರಿನ ಭವ್ಯಳನ್ನು ತಿದ್ದಿ ತೀಡಿ ಪಾಸು ಮಾಡಿಸಿದ ಗುರುಗಳು,” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ನಿಂಗಜ್ಜಿ, ಪಕ್ಕದಲ್ಲಿ ಭವ್ಯ. ಎದ್ದು ನಿಂತು ‘ಅಲ್ಲ’ ಎನ್ನಲು ಒಂದು ಮಾತು ಸಾಕಿತ್ತು. ನಾನು ಕನ್ನಡಕ ಹಾಕಿಕೊಂಡು, ಕಾಗದ ಬಿಡಿಸಿ, ಅದರಲ್ಲಿದ್ದದ್ದನ್ನು ಓದಿದೆ. ಹತ್ತು ಹುಣಿಸೇಬೀಜ, ಹತ್ತು ಓದು, ಮೂರು ಬಣ್ಣ. ಓದುತ್ತ ಓದುತ್ತ ಧ್ವನಿ ಏರಿತು. ಅಪ್ಪನ ಹೆಸರನ್ನು ಎರಡು ಸಲ ಓದಿದೆ. ಕಾಗದ ನನ್ನ ಕೈಯಲ್ಲಿತ್ತು ಎನ್ನುವುದಕ್ಕಿಂತ ನಾನು ಕಾಗದದ ಕೈಯಲ್ಲಿದ್ದೆ.

ಕೆಳಗಿಳಿದಾಗ ಭವ್ಯ ನೆಲ ನೋಡುತ್ತಿದ್ದಳು, ಮೊದಲ ದಿನ ನಮ್ಮ ಬಾಗಿಲಲ್ಲಿ ನೋಡಿದ ಹಾಗೆ. ನಿಂಗಜ್ಜಿ, “ಚೆನ್ನಾಗ್ ಓದುದ್ರಿ ಡಾಕ್ಟ್ರಮ್ಮ,” ಎಂದಳು. ಮಾತಾಡಿದ್ರಿ ಎನ್ನಲಿಲ್ಲ.

ಭವ್ಯ ಕಾಲೇಜಿಗೆ ಹೊರಡುವ ದಿನ ಹೇಳಿ ಹೋಗಲು ಬಂದಳು. ಎರಡು ಚಿಪ್ಪನ್ನು ಚೀಲದಲ್ಲಿ ಹಾಕಿಕೊಂಡು ಮೂರನೆಯದನ್ನು ನನ್ನ ಮೇಜಿನ ಮೇಲಿಟ್ಟಳು. “ನಿಮ್ ಚೀಟಿ ಇದ್ರಲ್ಲೇ ಇದೆ ಮೇಡಂ. ನಾನ್ ಇನ್ನೊಂದ್ ಚಿಪ್ಪು ಮಾಡ್ಕೋತೀನಿ,” ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಕಾಫಿಯ ನಂತರ ಚೀಟಿ ತೆಗೆದು, ಕಣ್ಣು ಮುಚ್ಚಿ ಐದು ನರ ಹೇಳುತ್ತೇನೆ. ನಾಲ್ಕನೆಯದು, ಐದನೆಯದು ಹೆಗಲಮೂಳೆಯ ಕೆಳಗಿನ ಎರಡು ಚಿಕ್ಕ ನರಗಳು. ಈಗ ತಡೆಯಿಲ್ಲದೆ ಬರುತ್ತವೆ. ಆದರೂ ಚೀಟಿಯನ್ನು ಮತ್ತೆ ಅದೇ ಚಿಪ್ಪಿಗೆ ಹಾಕುತ್ತೇನೆ. ಅದರ ಹಿಂಬದಿಯಲ್ಲಿ ನಾನೇ ಇನ್ನೊಂದು ಪ್ರಶ್ನೆ ಬರೆದೆ: ‘ಭವ್ಯಳನ್ನು ಪಾಸು ಮಾಡಿಸಿದ್ದು ಯಾವುದು?’ ಉತ್ತರ ಗೊತ್ತಿದೆ. ಹೇಳಬೇಕಾದ ಕಡೆ ಹೇಳಲು ಬರಲಿಲ್ಲ.

ಹೀಗೆಯೇ ಇದ್ದುಬಿಡುತ್ತಿದ್ದೆನೇನೋ. ಮೊನ್ನೆ ಬುಧವಾರ ಮಧ್ಯಾಹ್ನ ಶಾಲೆಯ ಮುಂದೆ ಹಾದು ಬರುವಾಗ ಕಿಟಕಿಯಲ್ಲಿ ಇಣುಕಿದೆ. ಐದನೆಯ ತರಗತಿಯ ಮಕ್ಕಳು ಸಾಲಾಗಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಪ್ರತಿಯೊಬ್ಬರ ಎಡಗಡೆ ಹುಣಿಸೇಬೀಜ. ಹೆಡ್‌ಮೇಷ್ಟ್ರು ಹೊರಗೆ ಬಂದು, “ನಿಮ್ಮ ಪದ್ಧತೀನೇ ಮೇಡಂ, ಇಡೀ ಶಾಲೆಗೇ ತಂದಿದ್ದೀವಿ,” ಎಂದರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎರಡು ಬೀಜ ಒಟ್ಟಿಗೆ ಜರುಗಿಸಿ, ನನ್ನನ್ನು ಕಂಡು ಹೆದರಿ ಒಂದನ್ನು ವಾಪಸಿಟ್ಟಳು. ನಾನು ಅವಳನ್ನು ಹಿಡಿದುಕೊಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ನನ್ನಲ್ಲಾದ ಸುಧಾರಣೆ ಇಷ್ಟು.

ಮನೆಗೆ ಬಂದವಳೇ ಕೂತು ಬರೆದೆ. ಆವತ್ತು ವೇದಿಕೆಯಲ್ಲಿ ಹೇಳಿದ್ದು ತಪ್ಪು, ಭವ್ಯಳಿಗೆ ಕಲಿಸಿದ ರೀತಿ ಅವಳ ಅಜ್ಜಿಯದು, ನಾನು ಅದನ್ನು ಕಾಲಿನಿಂದ ಉಜ್ಜಿದವಳು. ಎಲ್ಲವನ್ನೂ ಒಂದೂವರೆ ಪುಟದಲ್ಲಿ, ಮುಖ್ಯವಾದದ್ದಕ್ಕೆ ಕೆಂಪು ಗೆರೆ ಹಾಕಿ. ಶಾಲೆಯಲ್ಲಿ ಓದುವ ಮೊದಲು ಓದಿ ತೋರಿಸಬೇಕಾದವರು ಒಬ್ಬರಿದ್ದರು. ನಿಂಗಜ್ಜಿ ಅಟ್ಟದ ಕೆಳಗೆ ಕಾಯಿ ರಾಶಿಯ ಮುಂದೆ ಕೂತಿದ್ದಳು. ನಾನು ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡೆ.

“ಕಾಗ್ದ ಮಡಗಿ ಹೇಳಿ,” ಎಂದಳು ಆಕೆ, ತಲೆ ಎತ್ತದೆ.

ಕಾಗದ ಮಡಿಸಿದೆ. “ನಿಂಗಮ್ಮ,” ಎಂದೆ. “ಆವತ್ತು ಶಾಲೇಲಿ...” ಎಂದೆ. ಮುಂದಿನದು ಬರಲಿಲ್ಲ. ಕೆಂಪು ಗೆರೆ ಕಾಣುತ್ತಿತ್ತು.

ನಿಂಗಜ್ಜಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಸ್ವಲ್ಪ ಹೊತ್ತು ಕೇಳಿ, ಪಕ್ಕಕ್ಕಿಟ್ಟಳು. “ಇನ್ನೂ ಬುಟ್ಕಂಡಿಲ್ಲ,” ಎಂದಳು. ಕಾಯಿಗೆ ಹೇಳಿದಳೋ ನನಗೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ನೋಡಿ, “ಪರ್ವಾಗಿಲ್ಲ ಬುಡಿ. ಮೂರ್ ದಿನ ಬುಟ್ಟು ಬನ್ನಿ, ಮತ್ತೆ ಕೇಳ್ತೀನಿ,” ಎಂದಳು.

ಇವತ್ತಿಗೆ ಮೂರನೆಯ ದಿನ. ಶನಿವಾರ, ಶಾಲೆ ಬೆಳಗಿನದು. ಮೊದಲು ಅಟ್ಟದ ಮನೆ, ಅಲ್ಲಿಂದ ಶಾಲೆ. ಕಾಗದವನ್ನೂ ಮಡಿಸಿ ಈಗಷ್ಟೇ ಈ ಚಿಪ್ಪಿನೊಳಗೆ ಚೀಟಿಯ ಜೊತೆ ಇಟ್ಟಿದ್ದೇನೆ, ಕನ್ನಡಕವನ್ನೂ ಅದರ ಪಕ್ಕದಲ್ಲೇ ಬಿಟ್ಟಿದ್ದೇನೆ. ಕೆರೆ ಏರಿಯ ಮೇಲೆ ಬಾಯಲ್ಲೇ ಹೇಳಿಕೊಂಡು ನಡೆದು ಬಂದು ಕಾಫಿ ಕುಡಿದಾಗ ಆರೂಮುಕ್ಕಾಲಾಗಿತ್ತು.